ಸೀಡರ್ ಫಾಲ್ಸ್‌ನಲ್ಲಿರುವ ಅಳಿಯನಿಗೆ

ಸೇಂಟ್ ಲೂಯಿಸ್
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಮೆಸೇಜ್ ಬಂದು ಮೂರು ದಿನವಾಯಿತು. ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನೀನು "ಹೂಂ ಮಾವ, ಸರಿ ಮಾವ" ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಎಂಬತ್ತು ಕಡೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದೆ, ಒಂದೂ ಸಿಗಲಿಲ್ಲ ಅಂದೆ. ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಒಳ್ಳೆಯ ಕೆಲಸದಲ್ಲಿದ್ದು, ಈಗ ಇಲ್ಲಿ ಯೂನಿವರ್ಸಿಟಿ ಊಟದ ಹಾಲ್‌ನಲ್ಲಿ ತಟ್ಟೆ ತೊಳೆಯುತ್ತಿದ್ದೇನೆ, ಅಮ್ಮನಿಗೆ ಹೇಳಬೇಡಿ ಅಂದೆ. ಕೊನೆಗೆ ಒಂದು ಸಾಲು ಬರೆದಿದ್ದೆ. ಯಾರೋ ದೊಡ್ಡ ಅಮೆರಿಕನ್ ಫುಟ್‌ಬಾಲ್ ಆಟಗಾರ ಸೀಡರ್ ಫಾಲ್ಸ್‌ನ ಹೈ-ವೀ ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದನಂತೆ, ನಿಮಗೆ ಗೊತ್ತಾ ಅಂತ.

ಗೊತ್ತು ಪುಟ್ಟಾ. ಅವನ ಹೆಸರು ಕರ್ಟ್ ವಾರ್ನರ್. ನಾನು ಸೇಂಟ್ ಲೂಯಿಸ್‌ಗೆ ಬಂದಿದ್ದು 1997ರಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ಈ ಇಡೀ ಊರು ಅವನ ಹೆಸರು ಹೇಳುತ್ತಿತ್ತು. ಇನ್ನು ಮೂರು ವರ್ಷಕ್ಕೆ ಅದೇ ಜನ ಅವನನ್ನು ಕೂಗಿ ಹೀಯಾಳಿಸಿದ್ದನ್ನೂ ಕೇಳಿದ್ದೇನೆ. ಎರಡನ್ನೂ ಹತ್ತಿರದಿಂದ ನೋಡಿದವನಾಗಿ ನಿನಗೆ ಹೇಳಬೇಕಾದದ್ದಿದೆ.

ಈ ಆಟವನ್ನು ನೀನಿನ್ನೂ ಸರಿಯಾಗಿ ನೋಡಿಲ್ಲ. ಒಂದೊಂದು ತಂಡದಿಂದ ಹನ್ನೊಂದು ಜನ ಮೈದಾನದಲ್ಲಿರುತ್ತಾರೆ. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು ಅಂತ ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಅವನನ್ನು ಕೆಡವಲು ದೈತ್ಯರಂಥ ಆಳುಗಳು ನುಗ್ಗಿರುತ್ತಾರೆ. ಇಂಥ ಜಾಗ ತಂಡದಲ್ಲಿ ಒಂದೇ. ಕ್ರಿಕೆಟ್‌ನ ವಿಕೆಟ್ ಕೀಪರ್ ಜಾಗದ ಹಾಗೆ. ಒಬ್ಬ ಆಡುತ್ತಿದ್ದರೆ ಇನ್ನೊಬ್ಬ ಹೊರಗೆ ಕಾಯಲೇಬೇಕು. ನಮ್ಮ ಸಯ್ಯದ್ ಕಿರ್ಮಾನಿ 1971ರಲ್ಲೇ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿದ್ದರು. ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ. ಆ ಕಾಯುವಿಕೆ ಎಷ್ಟು ಭಾರ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ.

ವಾರ್ನರ್ ಬೆಳೆದಿದ್ದು ನಿನಗೆ ಹತ್ತಿರದ ಸೀಡರ್ ರಾಪಿಡ್ಸ್‌ನಲ್ಲಿ. ಓದಿದ್ದು ನಿನ್ನ ಯೂನಿವರ್ಸಿಟಿಯಲ್ಲೇ. ಅಲ್ಲೂ ಕೊನೆಯ ವರ್ಷದವರೆಗೆ ಅವನಿಗೆ ಆಡುವ ಜಾಗ ಸಿಗಲಿಲ್ಲ. 1994ರಲ್ಲಿ ಎನ್‌ಎಫ್‌ಎಲ್ (ಇಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್) ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಂಡಾಗ ಇನ್ನೂರಕ್ಕೂ ಹೆಚ್ಚು ಜನರ ಹೆಸರು ಕರೆದರು. ಅದರಲ್ಲಿ ಅವನ ಹೆಸರಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಶಿಬಿರಕ್ಕೆ ಕರೆಸಿಕೊಂಡು ಕೆಲವೇ ವಾರಗಳಲ್ಲಿ ವಾಪಸ್ ಕಳಿಸಿತು. ಸೀಡರ್ ಫಾಲ್ಸ್‌ಗೆ ಮರಳಿ ಬಂದವನು ಹೈ-ವೀಯಲ್ಲಿ ರಾತ್ರಿ ಪಾಳಿಗೆ ಸೇರಿದ. ಗಂಟೆಗೆ ಐದೂವರೆ ಡಾಲರ್.

ಆಮೇಲೆ ಡೆ ಮೊಯಿನ್‌ನಲ್ಲಿ ಐಯೊವಾ ಬಾರ್ನ್‌ಸ್ಟಾರ್ಮರ್ಸ್ ಅನ್ನೋ ಒಳಾಂಗಣ ತಂಡ. ಅಲ್ಲಿ ಮೈದಾನ ಅರ್ಧದಷ್ಟು, ಎಂಟೇ ಜನ, ಸುತ್ತ ಗೋಡೆ. ಚೆಂಡನ್ನು ಕೈಯಲ್ಲಿ ಹಿಡಿದು ಯೋಚಿಸುತ್ತ ನಿಲ್ಲೋಕೆ ಅಲ್ಲಿ ಸಮಯವೇ ಇಲ್ಲ. ದೊಡ್ಡವರು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಆಟ ಅದು. ಆದರೆ ಕಣ್ಣು ಮಿಟುಕಿಸುವುದರೊಳಗೆ ಎಸೆಯುವ ಕೈ ಪಳಗಿದ್ದು ಅಲ್ಲೇ. 1997ರಲ್ಲಿ ಶಿಕಾಗೊ ಬೇರ್ಸ್ ಪರೀಕ್ಷೆಗೆ ಕರೆಯಿತು. ಮದುವೆಯಾಗಿ ಹನಿಮೂನಿಗೆ ಹೋದಲ್ಲಿ ಎಸೆಯುವ ಕೈಯ ಮೊಣಕೈಗೆ ಯಾವುದೋ ಹುಳ ಕಚ್ಚಿತು. ಜೇಡ ಇರಬೇಕು ಅಂತಾರೆ. ಕೈ ಊದಿಕೊಂಡು ಆ ಅವಕಾಶವೂ ಹೋಯಿತು. 1998ರಲ್ಲಿ ಯೂರೋಪಿನ ಲೀಗಿಗೆ, ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಆಡಿದ. ಅದೇ ವರ್ಷ ನಮ್ಮ ಊರಿನ ರ‍್ಯಾಮ್ಸ್ ತಂಡದಲ್ಲಿ ಮೂರನೆಯವನಾಗಿ ಕೂತ. ಮರುವರ್ಷ ಕ್ಲೀವ್‌ಲ್ಯಾಂಡ್‌ನ ಹೊಸ ತಂಡಕ್ಕೆ ಬೇರೆ ತಂಡಗಳು ಕೆಲವು ಆಟಗಾರರನ್ನು ಬಿಟ್ಟುಕೊಡಬೇಕಿತ್ತು. ಬೇಕಾದರೆ ಇವನನ್ನು ತಗೊಳ್ಳಿ ಅಂತ ರ‍್ಯಾಮ್ಸ್ ಪಟ್ಟಿಗೆ ಹಾಕಿತು. ಅವರೂ ತಗೊಳ್ಳಲಿಲ್ಲ.

1999ರ ಆಗಸ್ಟ್ ನನಗೆ ಚೆನ್ನಾಗಿ ನೆನಪಿದೆ. ಆ ವರ್ಷಕ್ಕೆ ಅಂತ ದೊಡ್ಡ ಮೊತ್ತ ಕೊಟ್ಟು ಟ್ರೆಂಟ್ ಗ್ರೀನ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿದ್ದರು. ಇದೇ ಸೇಂಟ್ ಲೂಯಿಸ್‌ನಲ್ಲಿ ಹೈಸ್ಕೂಲು ಓದಿದ ಹುಡುಗ. ಸೀಸನ್ ಶುರುವಾಗುವ ಮೊದಲೇ, ಅಭ್ಯಾಸದ ಪಂದ್ಯದಲ್ಲಿ ಅವನ ಮೊಣಕಾಲಿನ ಲಿಗಮೆಂಟ್ ಹರಿದುಹೋಯಿತು. ಕೋಚ್ ಡಿಕ್ ವರ್ಮೀಲ್ ಕಣ್ಣೀರು ಹಾಕುತ್ತಲೇ, ವಾರ್ನರ್ ಬೆನ್ನಿಗೆ ನಿಂತು ಒಳ್ಳೆಯ ಆಟ ಆಡುತ್ತೇವೆ ಅಂದರು. ಯಾರೂ ನಂಬಲಿಲ್ಲ. ಹಿಂದಿನ ವರ್ಷ ಹದಿನಾರರಲ್ಲಿ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ ಅದು.

ಆ ವರ್ಷ ಹದಿಮೂರು ಗೆದ್ದರು. ವಾರ್ನರ್ 41 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಎಸೆತ) ಎಸೆದ, ವರ್ಷದ ಅತ್ಯುತ್ತಮ ಆಟಗಾರನಾದ. 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಟೆನೆಸ್ಸೀ ಟೈಟನ್ಸ್ ಎದುರು 16–16 ಸಮ. ಎರಡು ನಿಮಿಷ ಉಳಿದಿತ್ತು. ಮೈಮೇಲೆ ಎದುರಾಳಿ ಬಂದು ಬೀಳುತ್ತಿದ್ದಾಗಲೇ ವಾರ್ನರ್ ಎಸೆದ ಚೆಂಡನ್ನು ಐಸಾಕ್ ಬ್ರೂಸ್ ಹಿಡಿದು ಓಡಿದ. 73 ಯಾರ್ಡ್. ಪಂದ್ಯದ ಕೊನೆಯ ಅವಕಾಶದಲ್ಲಿ ಟೈಟನ್ಸ್ ಆಟಗಾರನನ್ನು ಗೆರೆಗೆ ಒಂದೇ ಯಾರ್ಡ್ ಇರುವಾಗ ಮೈಕ್ ಜೋನ್ಸ್ ಹಿಡಿದು ಕೆಡವಿದ. 23–16. ಆಚೆಮನೆಯವರು ಆ ಚಳಿಯಲ್ಲಿ ಬೀದಿಗೆ ಬಂದು ಕುಣಿದರು. ನಿನ್ನ ಅತ್ತೆಯೂ ನಾನೂ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು.

ಈ ಕಥೆಯನ್ನು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಹೈ-ವೀಯಿಂದ ಸೂಪರ್ ಬೌಲ್‌ಗೆ, ಕಷ್ಟಪಟ್ಟರೆ ಫಲ ಸಿಗುತ್ತೆ ಅಂತ. ನಿನಗೆ ಅದನ್ನೇ ಹೇಳಿ ಸುಮ್ಮನಾದರೆ ಮೋಸ ಮಾಡಿದಂತಾಗುತ್ತದೆ. ಗ್ರೀನ್ ಕಾಲಿಗೆ ಪೆಟ್ಟಾಗದಿದ್ದರೆ ವಾರ್ನರ್ ಯಾರು ಅಂತ ನಮಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಅದು ಅವನ ಕೈಯಲ್ಲಿರಲಿಲ್ಲ. ಬಾಗಿಲು ತೆರೆದ ದಿನ ಕೈ ತಯಾರಾಗಿತ್ತು, ಅದು ಮಾತ್ರ ಅವನದು. ಇನ್ನೊಂದು ಮಾತು. ನನಗೆ ಆ ಟ್ರೆಂಟ್ ಗ್ರೀನ್ ಮೇಲೂ ಅಷ್ಟೇ ಗೌರವ. ತನ್ನ ಜಾಗದಲ್ಲಿ ಇನ್ನೊಬ್ಬ ಕಪ್ ಗೆದ್ದಿದ್ದನ್ನು ಹೊರಗೆ ಕೂತು ನೋಡಿದವನು ಅವನು. 2001ರಲ್ಲಿ ಕಾನ್ಸಸ್ ಸಿಟಿಗೆ ಹೋದ. 2003ರಿಂದ ಮೂರು ವರ್ಷ ಸತತವಾಗಿ ಎಸೆತದಲ್ಲೇ ನಾಲ್ಕು ಸಾವಿರ ಯಾರ್ಡ್ ದಾಟಿದ. ಅವನ ಕಥೆಯನ್ನು ಯಾರೂ ಹೇಳುವುದಿಲ್ಲ. ನೀನು ನೆನಪಿಟ್ಟುಕೋ.

ನನಗೆ ಮುಖ್ಯ ಅನಿಸುವುದು 2002ರಿಂದ ಆಚೆಗಿನ ವರ್ಷಗಳು. 2001ರಲ್ಲಿ ವಾರ್ನರ್ ಮತ್ತೊಮ್ಮೆ ಅತ್ಯುತ್ತಮ ಆಟಗಾರನಾದ. ಆದರೆ ಸೂಪರ್ ಬೌಲ್‌ನಲ್ಲಿ ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ಎದುರು ಮೂರು ಅಂಕದಿಂದ ಸೋತರು. ಮರುವರ್ಷ ಎಸೆಯುವ ಕೈಯ ಬೆರಳು ಮುರಿಯಿತು. ಅವನು ಶುರು ಮಾಡಿದ ಆರಕ್ಕೆ ಆರೂ ಪಂದ್ಯ ಸೋತ. ಮೂರು ಟಚ್‌ಡೌನ್, ಹನ್ನೊಂದು ಸಲ ಚೆಂಡು ಎದುರಾಳಿಯ ಕೈಗೆ. 2003ರ ಮೊದಲ ಪಂದ್ಯದಲ್ಲಿ ಆರು ಸಲ ಚೆಂಡು ಕೈಜಾರಿತು. ಅವನ ಜಾಗ ಮಾರ್ಕ್ ಬಲ್ಜರ್‌ಗೆ ಹೋಯಿತು. 2004ರಲ್ಲಿ ತಂಡ ಅವನನ್ನು ಬಿಟ್ಟೇಬಿಟ್ಟಿತು.

ಪುಟ್ಟಾ, 2002ರ ಆ ಅಕ್ಟೋಬರ್‌ನಲ್ಲಿ ನನ್ನ ಕೆಲಸವೂ ಹೋಗಿತ್ತು. ನಿನ್ನ ಅಮ್ಮನಿಗೂ ಇದು ಪೂರ್ತಿ ಗೊತ್ತಿಲ್ಲ. ಒಂದು ಬೆಳಿಗ್ಗೆ ನಲವತ್ತು ಜನರನ್ನು ಒಂದೇ ಕೋಣೆಗೆ ಕರೆದು ಹೇಳಿದರು. ಗ್ರೀನ್ ಕಾರ್ಡ್ ಆಗಷ್ಟೇ ಕೈಗೆ ಬಂದಿತ್ತು, ಇಲ್ಲದಿದ್ದರೆ ಊರಿಗೆ ಹೊರಡಬೇಕಿತ್ತು. ಎಂಟು ತಿಂಗಳು ಒಂದು ಗೋದಾಮಿನಲ್ಲಿ ಬಿಡಿಭಾಗ ಎಣಿಸುವ ಕೆಲಸ ಮಾಡಿದೆ. ಸಂಜೆ ಕಾರಿನ ರೇಡಿಯೋದಲ್ಲಿ ಜನ ವಾರ್ನರ್‌ನನ್ನು ಬೈಯುತ್ತಿದ್ದರು. ಇವನ ಕಥೆ ಮುಗಿಯಿತು, ಮೊದಲಿಂದಲೂ ಬರೀ ಅದೃಷ್ಟ ಅಂತ. ನನಗೇ ಹೇಳುತ್ತಿದ್ದಾರೆ ಅನಿಸುತ್ತಿತ್ತು. ಮೊದಲ ಸಲ ಕೆಳಗಿದ್ದಾಗ ಒಂದು ಆಸೆ ಇರುತ್ತದೆ. ಮೇಲೆ ಹೋಗಿ ಬಿದ್ದಾಗ, ಆ ಮೇಲಿದ್ದದ್ದೇ ಸುಳ್ಳಿರಬಹುದು ಅನ್ನೋ ಸಂಶಯ ಹುಟ್ಟುತ್ತದೆ. ಬೆಂಗಳೂರಿನ ಕೆಲಸದಿಂದ ಈ ತಟ್ಟೆ ತೊಳೆಯುವ ಜಾಗಕ್ಕೆ ಬಂದ ನಿನಗೂ ಈಗ ಅದೇ ಆಗುತ್ತಿದೆ ಅಲ್ವಾ?

ವಾರ್ನರ್ ಏನು ಮಾಡಿದ ಅಂತ ಕೇಳು. ನ್ಯೂಯಾರ್ಕ್ ಜೈಂಟ್ಸ್ ಸೇರಿದ. ಒಂಬತ್ತು ಪಂದ್ಯ ಆಡಿಸಿದರು, ಐದು ಗೆದ್ದಿದ್ದ. ಆದರೂ ಎಳೆಯ ಹುಡುಗ ಈಲೈ ಮ್ಯಾನಿಂಗ್‌ಗೆ ಜಾಗ ಬಿಡಬೇಕಾಯಿತು. ತನ್ನ ಜಾಗ ತಗೊಂಡ ಹುಡುಗನಿಗೇ ಆಟ ಹೇಳಿಕೊಟ್ಟ. 2005ರಲ್ಲಿ ಅರಿಝೋನಾ ಕಾರ್ಡಿನಲ್ಸ್‌ಗೆ ಹೋದ. ಮರುವರ್ಷ ಅವರು ಮ್ಯಾಟ್ ಲೈನಾರ್ಟ್‌ನನ್ನು ತಂದರು. ಮತ್ತೆ ಪಕ್ಕದಲ್ಲಿ ನಿಲ್ಲುವ ಕೆಲಸ. ಎರಡು ಸಲ ದೇಶದ ಅತ್ಯುತ್ತಮ ಆಟಗಾರ ಅನಿಸಿಕೊಂಡವನು, ಇಪ್ಪತ್ತಮೂರರ ಹುಡುಗನ ಹಿಂದೆ ಎರಡನೆಯವನಾಗಿ ನಿಂತ.

ಅವನಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ಸಣ್ಣ ಸಂಗತಿ. ಅವನ ದೊಡ್ಡ ದೋಷ ಚೆಂಡು ಕೈಜಾರುವುದು. ಕ್ವಾರ್ಟರ್‌ಬ್ಯಾಕ್‌ಗಳು ಸಾಮಾನ್ಯವಾಗಿ ಎಸೆಯುವ ಕೈಯನ್ನು ಬರಿದಾಗಿ ಇಟ್ಟುಕೊಳ್ಳುತ್ತಾರೆ. ಅವನು ಅರಿಝೋನಾದಲ್ಲಿ ಎರಡೂ ಕೈಗೆ ಗ್ಲೌಸ್ ಹಾಕಿ ಆಡತೊಡಗಿದ. ಜನ ಏನಂದಾರು ಅಂತ ನೋಡಲಿಲ್ಲ. ಕೈ ಜಾರುತ್ತದೆ, ಹಿಡಿತ ಬೇಕು, ಅಷ್ಟೇ. ನೀನು ಎಂಬತ್ತು ಅರ್ಜಿ ಹಾಕಿದೆ ಅಂದೆ. ಎಲ್ಲಿ ಕೈಜಾರುತ್ತಿದೆ ಅಂತ ನೋಡಿದ್ದೀಯಾ? ಅರ್ಜಿಯಲ್ಲೇ ನಿಲ್ಲುತ್ತಿದೆಯಾ, ಫೋನಿನ ಮಾತಿನಲ್ಲಾ, ಕೋಡಿಂಗ್ ಪರೀಕ್ಷೆಯಲ್ಲಾ? ನಿನ್ನ ಪ್ರೊಫೆಸರ್ ಹತ್ತಿರ ಹೋಗಿ ಬಾಯಿಬಿಟ್ಟು ಕೇಳು. ಎಂಬತ್ತೊಂದನೆಯದನ್ನು ಕಳಿಸುವ ಮೊದಲು ಕೇಳು.

2007ರಲ್ಲಿ ಲೈನಾರ್ಟ್‌ನ ಹೆಗಲ ಮುಂದಿನ ಕಾಲರ್‌ಬೋನ್ ಮೂಳೆ ಮುರಿದಾಗ ವಾರ್ನರ್ ಮತ್ತೆ ಆಡಿದ. 2008ರಲ್ಲಿ ಯಾರ ಗಾಯದ ನೆಪವೂ ಇಲ್ಲದೆ, ಅಭ್ಯಾಸದಲ್ಲೇ ಗೆದ್ದು ಜಾಗ ಪಡೆದ. ಕಾರ್ಡಿನಲ್ಸ್ 1988ರವರೆಗೆ ನಮ್ಮ ಸೇಂಟ್ ಲೂಯಿಸ್‌ನಲ್ಲೇ ಇದ್ದ ತಂಡ. 1947ರ ನಂತರ ಪಟ್ಟ ಕಂಡಿರಲಿಲ್ಲ. ಅಂಥ ತಂಡವನ್ನು 37ನೇ ವಯಸ್ಸಿನಲ್ಲಿ ಸೂಪರ್ ಬೌಲ್‌ಗೆ ಕರೆದೊಯ್ದ. ಪಿಟ್ಸ್‌ಬರ್ಗ್ ಎದುರು ಎರಡೂವರೆ ನಿಮಿಷ ಉಳಿದಾಗ ಮುಂದಿದ್ದರು. 35 ಸೆಕೆಂಡ್ ಇರುವಾಗ ಕೈತಪ್ಪಿತು. 27–23. ಸೋತ ಆ ಪಂದ್ಯವನ್ನು ಗೆದ್ದದ್ದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ. 2017ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅಷ್ಟು ಹೊತ್ತಿಗೆ ರ‍್ಯಾಮ್ಸ್ ತಂಡವೇ ಈ ಊರು ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಗಿಯಾಗಿತ್ತು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಗೋದಾಮಿನ ಆ ಎಂಟು ತಿಂಗಳ ನಂತರ, 2003ರಲ್ಲಿ, ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಒಂದು ಕಾಲಕ್ಕೆ ನಾನೇ ಕೆಲಸ ಕಲಿಸಿದ ಹುಡುಗನ ಕೈಕೆಳಗೆ. ಮೊದಲ ವಾರ ಕಷ್ಟವಾಯಿತು. ಆಮೇಲೆ ಅವನಿಂದ ಕಲಿತೆ. ಈಗಲೂ ಹಬ್ಬಕ್ಕೆ ಮನೆಗೆ ಬರುವುದು ಅವನೇ.

ಆದರೆ ಆ ಎಂಟು ತಿಂಗಳು ನಾನೊಂದು ತಪ್ಪು ಮಾಡಿದೆ. ನಿನ್ನ ಅಜ್ಜಿಗೆ ಹೇಳಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಆಫೀಸ್ ಚೆನ್ನಾಗಿದೆ ಅಂತಿದ್ದೆ. ಯಾರಿಂದಲೋ ಅವಳಿಗೆ ತಿಳಿಯಿತು. ಅಳಲಿಲ್ಲ, ಬೈಯಲಿಲ್ಲ. "ಗೋದಾಮಿನಲ್ಲಿ ಹಗಲು ಪಾಳಿಯೋ ರಾತ್ರಿ ಪಾಳಿಯೋ?" ಅಂತ ಕೇಳಿದಳು. ಹಗಲು ಅಂದೆ. "ಹಾಗಿದ್ರೆ ಪರವಾಗಿಲ್ಲ" ಅಂದಳು. ಎಂಟು ತಿಂಗಳು ನಾನು ಎದೆಯಲ್ಲಿ ಹೊತ್ತಿದ್ದ ಭಾರ ಅವಳಿಗೆ ಭಾರವೇ ಆಗಿರಲಿಲ್ಲ. ಅವಳಿಗೆ ಬೇಜಾರಾಗಿದ್ದು ನಾನು ಮುಚ್ಚಿಟ್ಟಿದ್ದಕ್ಕೆ ಮಾತ್ರ. ನಿನ್ನ ಅಮ್ಮ ಅವಳ ಮಗಳು. ತಟ್ಟೆ ತೊಳೆಯುವುದನ್ನು ಕೇಳಿ ಅವಳು ಕುಸಿಯುವುದಿಲ್ಲ. ನಾನು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ನೀನೇ ಹೇಳಬೇಕು.

ದಿನಕ್ಕೆ ಎರಡು ಗಂಟೆ ನಿನ್ನ ಪ್ರಾಜೆಕ್ಟ್‌ಗೆ ಅಂತ ಎತ್ತಿಡು. ಊಟದ ಹಾಲ್‌ನಿಂದ ಬಂದ ಮೇಲೆ ದಣಿವಾಗಿರುತ್ತದೆ, ಬೆಳಿಗ್ಗೆಯೇ ಮಾಡು. ವಾಟ್ಸಾಪ್‌ನಲ್ಲಿ ಯಾರಿಗೆ ಎಲ್ಲಿ ಸಿಕ್ಕಿತು ಅಂತ ಎಣಿಸುತ್ತ ಕೂರಬೇಡ. ದುಡ್ಡು ಬೇಕಿದ್ದರೆ ಸಂಕೋಚ ಬಿಟ್ಟು ಕೇಳು. ಇದು ನಿನ್ನ ಮನೆ.

ಡಿಸೆಂಬರ್ ರಜೆಗೆ ಮೊದಲು ಒಂದು ಶನಿವಾರ ನಾನೂ ಅತ್ತೆಯೂ ಕಾರಿನಲ್ಲಿ ಬರುತ್ತೇವೆ. ಐದಾರು ಗಂಟೆ ದಾರಿ, ಸೀಡರ್ ರಾಪಿಡ್ಸ್ ಮೇಲೆಯೇ. ಹಿಮ ಜಾಸ್ತಿ ಬಿದ್ದರೆ ಭಾನುವಾರ. ನಿನ್ನ ಯೂನಿವರ್ಸಿಟಿಯ ಕ್ರೀಡಾಂಗಣ ಯೂನಿ-ಡೋಮ್ ಹೊರಗಿನಿಂದಾದರೂ ನೋಡಬೇಕು ನನಗೆ. ಆಮೇಲೆ ಹೈ-ವೀಗೆ ಹೋಗಿ ನಿನ್ನ ರೂಮಿಗೆ ಒಂದು ತಿಂಗಳ ದಿನಸಿ ತರೋಣ. ಅತ್ತೆ ಚಟ್ನಿಪುಡಿ, ಸಾರಿನಪುಡಿ ಮಾಡುತ್ತಿದ್ದಾಳೆ. ಖಾರ ಎಷ್ಟಿರಲಿ ಅಂತ ಕೇಳಿದಳು, ಬರೆದು ತಿಳಿಸು. ಅಷ್ಟರಲ್ಲಿ ಅಮ್ಮನಿಗೆ ಫೋನ್ ಮಾಡಿರು.

ಇಂತಿ,
ನಿನ್ನ ಪ್ರೀತಿಯ ಮಾವ