ಮೆಚ್ಚದ ಹಾಡಿನ ಬಗ್ಗೆ ಬರೆಯುವಾಗ

ಕಲಬುರಗಿ

ತಂಗಿ,

ನಿನ್ನ ವಿಮರ್ಶೆ ಓದಿದೆ. ಊರೆಲ್ಲ ಹೊಗಳುವ ಸಂಗೀತ ನಾಟಕ ನಿನಗೆ ಹಿಡಿಸಲಿಲ್ಲ. ಹಿಡಿಸಲೇಬೇಕೆಂದು ಕಾಯಿದೆ ಏನಿಲ್ಲ. ಆದರೆ ‘ಬೇಸರ ಬಂತು’, ‘ಮಾತು ತಿಳಿಯಲಿಲ್ಲ’, ‘ಜನರಿಗೆ ರುಚಿಯೇ ಇಲ್ಲ’ ಅಂತ ಪುಟ ತುಂಬಿಸಿದ್ದೀಯ. ಯಾವ ಹಾಡು, ಯಾವ ಸಾಲು, ಅಲ್ಲಿ ಕೆಟ್ಟದ್ದೇನು? ಬೆರಳಿಟ್ಟು ತೋರಿಸು. ಜನರ ರುಚಿಯ ಮಾತನ್ನಂತೂ ಇವತ್ತೇ ಹೊಡೆದುಹಾಕು.

ಮೊದಲು ಜಾಗದ ದೋಷ ಯಾವುದು, ಹಾಡಿನ ದೋಷ ಯಾವುದು ಬಿಡಿಸಿಕೊ. ಎಸ್.ಎಂ. ಪಂಡಿತ ರಂಗಮಂದಿರವಿರಲಿ, ಶರಣಬಸವೇಶ್ವರ ಜಾತ್ರೆಯ ತಗಡಿನ ಥಿಯೇಟರ್ ಇರಲಿ, ಸ್ಪೀಕರ್ ಪಕ್ಕ ಕೂತರೆ ಕೀಬೋರ್ಡು, ರಿದಮ್ ಪ್ಯಾಡುಗಳ ಗದ್ದಲವೇ ಹೆಚ್ಚು. ಒಂದು ಪ್ರಯೋಗ ನಡುವಿನ ಸಾಲಿನಲ್ಲಿ ಕೂತು ನೋಡು, ಇನ್ನೊಂದು ಹಿಂದಿನ ಸಾಲಿನಲ್ಲಿ. ಎರಡೂ ಕಡೆ ಹಾಡಿನ ಅದೇ ಸಾಲು ಗದ್ದಲದಲ್ಲಿ ಮುಳುಗಿದರೆ ಆಗ ಸಂಗೀತ ಹಾಕಿದವರನ್ನು ಅನುಮಾನಿಸು. ಶ್ರುತಿಯನ್ನೂ ಗಮನಿಸು. ಮೈಕ್ ಇಲ್ಲದ ಕಾಲದಲ್ಲಿ ದನಿ ಕಡೆಯ ಸಾಲಿಗೆ ಮುಟ್ಟಲೆಂದು ನಟರು ಏರುಶ್ರುತಿ ಹಿಡಿಯುತ್ತಿದ್ದರು. ಮೈಕ್ ಮುಂದೆಯೂ ಅದನ್ನೇ ಹಿಡಿದರೆ ಕಿರುಚಿದಂತೆ ಕೇಳುತ್ತದೆ. ಹೆಣ್ಣುದನಿ ತಾರಸ್ಥಾಯಿಯಲ್ಲಿ ಮೇಲೇರಿದಷ್ಟೂ ಇ, ಉ ಎರಡೂ ಅಕಾರದ ಕಡೆ ವಾಲುತ್ತವೆ. ಮಾತು ತಿಳಿಯಲಿಲ್ಲ ಎಂಬ ನಿನ್ನ ದೂರಿಗೆ ಅರ್ಧ ಕಾರಣ ಇಲ್ಲೇ ಇರಬಹುದು.

ಉಳಿದರ್ಧ ತಾಳದಲ್ಲಿ ಹುಡುಕು. ಹಾಡಿನ ಸಾಹಿತ್ಯ ಬರೆದುಕೊಂಡು, ಧಾಟಿ ಮರೆತು, ಮನೆಯಲ್ಲಿ ಮಾತಾಡಿದ ಹಾಗೆ ಓದು. ಉಸಿರು ನಿಲ್ಲುವಲ್ಲಿ ಗೀಟು ಎಳೆ. ಆಮೇಲೆ ಹಾಡು ಕೇಳುತ್ತ ಸಮ್ (ತಾಳದ ಸುತ್ತಿನ ಮೊದಲ ಮಾತ್ರೆ) ಬೀಳುವ ಅಕ್ಷರಕ್ಕೆ ಚುಕ್ಕೆ ಇಡು. ಭಾಮಿನಿ ಷಟ್ಪದಿಯದು ಮೂರು-ನಾಲ್ಕು ಮಾತ್ರೆಗಳ ನಡೆ. ಹಿಂದೂಸ್ತಾನಿಯ ಏಳು ಮಾತ್ರೆಯ ರೂಪಕ್ ತಾಳ ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಐದೈದರ ನಡೆಗೆ ಹತ್ತು ಮಾತ್ರೆಯ ಝಪತಾಲ ಒಗ್ಗುತ್ತದೆ. ಚಪ್ಪಾಳೆ ಬೀಳಲೆಂದು ಭಾಮಿನಿಯನ್ನು ಎಂಟು ಮಾತ್ರೆಯ ಕೆಹರವಾಕ್ಕೆ ಎಳೆದರೆ ಆವರ್ತಕ್ಕೊಂದು (ತಾಳದ ಸುತ್ತಿಗೊಂದು) ಮಾತ್ರೆ ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಹಾಡುವವ ಕೈಗೆ ಸಿಕ್ಕ ಹ್ರಸ್ವವನ್ನು ದೀರ್ಘ ಮಾಡುತ್ತಾನೆ. ‘ಬಲ’ ಹೋಗಿ ‘ಬಾಲ’ ಆಗುತ್ತದೆ. ಭೀಮ ಎದೆ ತಟ್ಟಿಕೊಂಡು ತನ್ನ ಬಾಲ ಹೊಗಳಿಕೊಂಡರೆ ನಗಬೇಕೋ ಅಳಬೇಕೋ! ಇಂಥ ಒಂದು ಸಾಲು ಹಿಡಿದು ಬರೆ, ‘ಬೇಸರ ಬಂತು’ ಎನ್ನುವುದೇ ಬೇಕಾಗುವುದಿಲ್ಲ.

ವಚನಗಳ ಧಾಟಿ ಬಗ್ಗೆ ನೀನು ಗೊಣಗಿದ್ದು ಮಾತ್ರ ನನಗೆ ಒಪ್ಪಿಗೆ. ವಚನಕ್ಕೆ ಕಟ್ಟಿದ ಛಂದಸ್ಸಿಲ್ಲ, ಅದು ಮಾತಿನ ನಡೆ. ಎಷ್ಟೋ ವಚನದಲ್ಲಿ ಚುಚ್ಚುವ ಮಾತು ಕೊನೆಯ ಅಂಕಿತನಾಮಕ್ಕಿಂತ ಹಿಂದಿನ ಸಾಲಿನಲ್ಲಿರುತ್ತದೆ. ಗಾಯಕರು ಅದನ್ನು ಸರಸರ ದಾಟಿ, ಅಂಕಿತದ ಮೇಲೆ ತಾನ್ (ವೇಗದ ಸ್ವರಸರಣಿ) ಹೊಡೆದು, ಮೂರು ಸಲ ತಿರುಗಿಸುವ ತಿಹಾಯಿ ಕೊಟ್ಟು ಇಳಿಯುತ್ತಾರೆ. ಬಸವಕಲ್ಯಾಣದ ಸೀಮೆಯಲ್ಲಿ ಇದನ್ನು ಬರೆದರೆ ಕೆಲವರು ಮುನಿಯುತ್ತಾರೆ. ಮುನಿಯಲಿ. ಆದರೆ ಯಾವ ಸಾಲು ದಾಟಿಹೋಯಿತು, ಯಾವುದನ್ನು ಎಷ್ಟು ಸಲ ತಿರುಗಿಸಿ ಹಾಡಿದರು, ಎಣಿಸಿಯೇ ಬರೆ.

ದೋಷಕ್ಕೆ ಬೆರಳಿಡುವುದು ಹೇಗೆ ಎಂಬುದಕ್ಕೆ ಪೇಟಿಯ (ಹಾರ್ಮೋನಿಯಂ) ಉದಾಹರಣೆ ನೋಡು. ದರ್ಬಾರಿ ರಾಗದ ಕೋಮಲ ಗಾಂಧಾರ ಸ್ವರ ತೂಗಾಡಬೇಕು; ಪೇಟಿಯ ರೀಡು ಇದ್ದಲ್ಲೇ ಕೂತಿರುತ್ತದೆ, ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತು; ಆ ನಿಷೇಧ ಸಡಿಲವಾಗಲು 1970ರ ದಶಕ ಬರಬೇಕಾಯಿತು. ನಿಷೇಧ ನನಗೆ ಅತಿ ಎನಿಸುತ್ತದೆ, ಪೇಟಿ ಇಲ್ಲದೆ ಕಂಪನಿ ನಾಟಕವೇ ಇಲ್ಲ. ಆದರೂ ಪೇಟಿ ವಿರೋಧಿಗಳ ವಾದವನ್ನು ಇಂದಿಗೂ ತಳ್ಳಿಹಾಕಲಾಗದು, ದೋಷ ಯಾವ ಸ್ವರದಲ್ಲಿದೆ ಎಂದು ಅವರು ತೋರಿಸಿದ್ದರು.

‘ಹಾಡು ಬಂದಾಗಲೆಲ್ಲ ಕಥೆ ನಿಲ್ಲುತ್ತದೆ’ ಎಂಬ ಆಕ್ಷೇಪಣೆಯನ್ನು ವಿಮರ್ಶೆಯಿಂದ ತೆಗೆದುಹಾಕು. 1880ರಲ್ಲಿ ನಾಟಕಕಾರ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿಯಲ್ಲಿ ಶಾಕುಂತಲವನ್ನು ಸಂಗೀತ ನಾಟಕ ಮಾಡಿದಾಗಿನಿಂದ ಆ ಪರಂಪರೆಯ ಪ್ರೇಕ್ಷಕ ಹಾಡಿಗಾಗಿಯೇ ಟಿಕೆಟ್ ಕೊಳ್ಳುತ್ತಿದ್ದ. ಒನ್ಸ್ ಮೋರ್ ಅಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕು. ಅದು ಆ ಪ್ರಕಾರದ ಕರಾರು. ಕಥೆ ನಿಂತಾಗ ಹಾಡು ಏನು ಕೊಟ್ಟಿತು ಎಂದು ಕೇಳು, ಏನೂ ಕೊಡದಿದ್ದರೆ ಹಾಗೆಂದು ಬರೆ.

ರಾಗದ ಹೆಸರು ಖಾತ್ರಿ ಇಲ್ಲದಿದ್ದರೆ ಪೇಟಿ ಮಾಸ್ತರರನ್ನು ಕೇಳು. ಅವರು ಸಿಗದಿದ್ದರೆ ಹೆಸರು ಬಿಟ್ಟು, ದನಿ ಯಾವ ಮಾತಿನ ಮೇಲೆ ಏರಿತು, ಎಲ್ಲಿ ಇಳಿಯಿತು ಎಂದಷ್ಟೇ ಬರೆ. ಸಾಹಿತ್ಯ ಯಾರದು, ಸಂಗೀತ ಯಾರದು ಎಂಬುದನ್ನು ನೀನು ಅದಲುಬದಲು ಮಾಡಿದ್ದೀಯ, ಕರಪತ್ರ ನೋಡಿ ಸರಿಪಡಿಸು. ತಿದ್ದಿದ ಪ್ರತಿಯನ್ನು ಜಾತ್ರೆಗೆ ಮುಂಚೆ ಕಳಿಸು.