ಒಂಬತ್ತನೇ ತರಗತಿಯ ಮಾಲ್ಡೀವ್ಸ್ ಚಾರ್ಟಿನ ವಿಚಾರವಾಗಿ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳು ಮಾಡಿದ ಒಂದು ಚಾರ್ಟಿನ ಫೋಟೋ ಕಳೆದ ವಾರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿದೆ. ಅದನ್ನು ನೋಡಿ, ಆ ಧ್ವಜ ಯಾರದು, ಆ ದೇಶದ ಬಗ್ಗೆ ಮಕ್ಕಳು ಯಾಕೆ ಓದಬೇಕು ಎಂದು ಆಕ್ಷೇಪಿಸಿ ನಿಮ್ಮಲ್ಲಿ ಹಲವರು ಫೋನ್ ಮಾಡಿದಿರಿ, ಕೆಲವರು ಶಾಲೆಗೇ ಬಂದಿರಿ. ನೇರವಾಗಿ ಬಂದು ಕೇಳಿದವರಿಗೆ ನನ್ನ ಧನ್ಯವಾದ. ಒಬ್ಬೊಬ್ಬರಿಗೆ ಹೇಳಿದ್ದನ್ನೇ ಎಲ್ಲರಿಗೂ ತಿಳಿಸಲು ಈ ಪತ್ರ.

ಫೋಟೋದಲ್ಲಿ ಇದ್ದದ್ದು ಚಾರ್ಟಿನ ಮೇಲ್ಭಾಗ ಮಾತ್ರ. ಕೆಂಪು ಧ್ವಜ, ನಡುವೆ ಹಸಿರು, ಹಸಿರಿನೊಳಗೆ ಬಿಳಿ ಅರ್ಧಚಂದ್ರ. ಇದು ಮಾಲ್ಡೀವ್ಸ್ ದೇಶದ ರಾಷ್ಟ್ರಧ್ವಜ. 1965ರಲ್ಲಿ ಆ ದೇಶ ಬ್ರಿಟಿಷರಿಂದ ಸ್ವತಂತ್ರವಾದಾಗಿನಿಂದ ಇದೇ ಧ್ವಜ ಇದೆ. ಯಾವ ಸಂಘಟನೆಯದ್ದೂ ಅಲ್ಲ, ಇನ್ಯಾವುದೋ ದೇಶದ್ದೂ ಅಲ್ಲ. ಅದರ ಪಕ್ಕದಲ್ಲೇ ನೇಪಾಳ, ಭೂತಾನ, ಶ್ರೀಲಂಕಾ, ಬಾಂಗ್ಲಾದೇಶಗಳ ಚಾರ್ಟುಗಳಿದ್ದವು, ಒಂದೊಂದರ ಮೇಲೂ ಆಯಾ ದೇಶದ ಧ್ವಜವಿತ್ತು. ಎಲ್ಲಕ್ಕಿಂತ ಮೇಲೆ, ಗೋಡೆಯ ನಡುಮಧ್ಯದಲ್ಲಿ ನಮ್ಮ ತ್ರಿವರ್ಣ ಧ್ವಜದ ಚಿತ್ರವಿತ್ತು. ಅವು ಯಾವುವೂ ಫೋಟೋದಲ್ಲಿ ಬರಲಿಲ್ಲ.

ಪ್ರಾಜೆಕ್ಟಿನ ಹೆಸರು 'ನಮ್ಮ ನೆರೆಯ ದೇಶಗಳು'. ಪ್ರತಿ ವರ್ಷ ಮಾಡಿಸುವಂಥದ್ದೇ. ಮಕ್ಕಳು ಗುಂಪು ಮಾಡಿಕೊಂಡು ಚೀಟಿ ಎತ್ತಿದರು, ಒಂದು ಗುಂಪಿಗೆ ಮಾಲ್ಡೀವ್ಸ್ ಬಂತು. ಆ ದೇಶದ ಭೂಗೋಳ, ಜನ, ಸರ್ಕಾರ, ಈ ಮೂರನ್ನೂ ತಿಳಿದು ತರಗತಿಗೆ ವಿವರಿಸುವುದು ಅವರ ಕೆಲಸ.

ಈಗ ನಿಮ್ಮ ಆಕ್ಷೇಪಕ್ಕೆ ಬರುತ್ತೇನೆ. 'ನಮ್ಮ ದೇಶಕ್ಕೆ ಅವಮಾನ ಮಾಡಿದವರ ಬಗ್ಗೆ ನಮ್ಮ ಮಕ್ಕಳು ಯಾಕೆ ಓದಬೇಕು?' ಎಂದು ಕೇಳಿದ್ದೀರಿ. 2024ರ ಜನವರಿಯಲ್ಲಿ ಅಲ್ಲಿನ ಮೂವರು ಉಪ ಸಚಿವರು ನಮ್ಮ ಪ್ರಧಾನಿಯವರ ಬಗ್ಗೆ ಕೀಳಾಗಿ ಬರೆದಾಗ ನಮಗೆಲ್ಲ ಬೇಸರವಾಗಿದ್ದು ನಿಜ. ನನಗೂ ಆಗಿತ್ತು. ಆ ಸಿಟ್ಟು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಓದುವುದು ಬೇರೆ, ಹೊಗಳುವುದು ಬೇರೆ. ಒಂದು ದೇಶದ ನಕ್ಷೆ ಬಿಡಿಸಿದ ಮಗು ಆ ದೇಶದ ಪರ ನಿಂತ ಹಾಗೆ ಆಗುವುದಿಲ್ಲ. ಅದೇ ಗೋಡೆಯಲ್ಲಿ ಚೀನಾದ ಚಾರ್ಟ್ ಇದೆ, ಪಾಕಿಸ್ತಾನದ ಚಾರ್ಟೂ ಇದೆ. ಪಠ್ಯಪುಸ್ತಕದಲ್ಲಿ ನಮ್ಮ ನೆರೆಯವರ ಪಟ್ಟಿಯೇ ಇದೆಯಲ್ಲ, ಅದರಲ್ಲಿ ಮಾಲ್ಡೀವ್ಸ್ ಕೂಡ ಸೇರಿದೆ. ನಮ್ಮದೇ ಲಕ್ಷದ್ವೀಪದ ಮಿನಿಕಾಯ್ ದ್ವೀಪಕ್ಕೂ ಮಾಲ್ಡೀವ್ಸಿನ ಉತ್ತರದ ತುದಿಗೂ ನಡುವೆ ಇರುವುದು ನೂರು ಚಿಲ್ಲರೆ ಕಿಲೋಮೀಟರ್ ಸಮುದ್ರ. ಮಿನಿಕಾಯ್ ಜನ ಆಡುವ ಮಹಲ್ ಮಾತು ಮಾಲ್ಡೀವ್ಸಿನ ದಿವೇಹಿ ಭಾಷೆಯದ್ದೇ ಒಂದು ರೂಪ. ಇನ್ನೂ ಒಂದು ಸಂಗತಿ ನಮ್ಮ ಕರಾವಳಿಯವರಿಗೆ ಗೊತ್ತಿರಲಿ. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರ ತನಕ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದಕ್ಷಿಣ ಕೆನರಾ ಜಿಲ್ಲೆಗೇ ಸೇರಿದ್ದವು. ಈ ಸಮುದ್ರ ನಮಗೆ ಹೊಸತಲ್ಲ.

ಚಾರ್ಟಿನಲ್ಲಿ ಧ್ವಜದ ಕೆಳಗೆ ಏನಿದೆ ಎಂದು ನೀವೂ ನೋಡಬೇಕು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಕ್ಕಳು ಉದ್ದುದ್ದವಾಗಿ ಚಾರ್ಟ್ ಶೀಟ್ ಅಂಟಿಸಿಕೊಂಡು ನಕ್ಷೆ ಬಿಡಿಸಿದ್ದಾರೆ. ಒಂದೇ ಶೀಟಿನಲ್ಲಿ ಆ ದೇಶ ಹಿಡಿಸಲಿಲ್ಲ. ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಜಾಸ್ತಿ, ಅಂದರೆ ನಮ್ಮ ಇಡೀ ಕರ್ನಾಟಕದ ಉದ್ದಕ್ಕಿಂತ ಹೆಚ್ಚು. ದಕ್ಷಿಣ ತುದಿಯ ಅಡ್ಡು ಎಂಬ ದ್ವೀಪಗಳ ಗುಂಪು ಸಮಭಾಜಕ ವೃತ್ತವನ್ನೂ ದಾಟಿ ಆಚೆಗಿದೆ. ಆದರೆ ಒಣ ನೆಲ ಎಲ್ಲ ಸೇರಿಸಿದರೂ ಸುಮಾರು 300 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧಕ್ಕೂ ಕಡಿಮೆ! ಹತ್ತಿರ ಹತ್ತಿರ 1,200 ಹವಳದ ದ್ವೀಪಗಳು, ಅವುಗಳಲ್ಲಿ ಜನ ಊರು ಕಟ್ಟಿಕೊಂಡಿರುವುದು ಇನ್ನೂರಕ್ಕೂ ಕಡಿಮೆ. ಒಡೆದ ಬಳೆ ಚೂರುಗಳನ್ನು ಸುತ್ತಲೂ ಜೋಡಿಸಿಟ್ಟ ಹಾಗೆ ದ್ವೀಪಗಳು ದುಂಡಗೆ ನಿಂತಿರುತ್ತವೆ, ನಡುವೆ ತಿಳಿಯಾದ, ಆಳವಿಲ್ಲದ ನೀರು. ಇಂಥ ಒಂದೊಂದು ಗುಂಪಿಗೆ ಅಟಾಲ್ ಎನ್ನುತ್ತಾರೆ. ಬೆಟ್ಟ ಇಲ್ಲ. ನದಿ ಒಂದೂ ಇಲ್ಲ.

ಒಬ್ಬ ಹುಡುಗ ಅಳತೆ ಟೇಪು ತಂದು ನಮ್ಮ ಒಂಬತ್ತನೇ ತರಗತಿಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾನೆ. ನೆಲದಿಂದ 2.4 ಮೀಟರ್. ಬಾಗಿಲ ಚೌಕಟ್ಟಿಗಿಂತ ಸ್ವಲ್ಪ ಮೇಲೆ. ಆ ದೇಶದ ಅತಿ ಎತ್ತರದ ಸಹಜ ನೆಲ ಅಷ್ಟೇ. ಅದಕ್ಕಿಂತ ಕೆಳಗೆ, ಒಂದೂವರೆ ಮೀಟರಿಗೆ ಇನ್ನೊಂದು ಗೆರೆ. ಅದು ಬಹುತೇಕ ಜನ ವಾಸ ಮಾಡುವ ನೆಲದ ಎತ್ತರ. ಮಧ್ಯಾಹ್ನ ಊಟಕ್ಕೆ ಹೋಗುವ ಚಿಕ್ಕ ಮಕ್ಕಳು ಆ ಗೆರೆಗೆ ತಲೆ ತಾಗಿಸಿ ನಿಂತು ನೋಡುತ್ತಾರೆ. ಸಮುದ್ರ ಮಟ್ಟ ಏರುತ್ತಿದೆ ಎಂದು ನಾನು ಎಷ್ಟು ವರ್ಷ ಪಾಠ ಮಾಡಿದ್ದರೂ ಇಷ್ಟು ಚೆನ್ನಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನೀರಿನ ವಿಷಯವಂತೂ ನಮ್ಮ ಮಕ್ಕಳಿಗೆ ಬೇಗ ಹಿಡಿಸಿತು. ಕಡಲ ಬದಿಯ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುವುದು ನಿಮಗೆ ಹೇಳಬೇಕಾಗಿಲ್ಲ. ಮಾಲ್ಡೀವ್ಸಿನ ಪುಟ್ಟ ದ್ವೀಪಗಳಲ್ಲಿ ಮಳೆ ನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪು ನೀರಿನ ಮೇಲೆ ತೆಳುವಾಗಿ ನಿಲ್ಲುತ್ತದೆ. ಬಾವಿಗೆ ಸಿಗುವುದು ಅಷ್ಟೇ. ಜಾಸ್ತಿ ಎತ್ತಿದರೆ ಅಡಿಯ ಉಪ್ಪು ಮೇಲೆ ಬರುತ್ತದೆ. 2004ರ ಸುನಾಮಿಯಲ್ಲಿ ಅಲೆ ದ್ವೀಪಗಳ ಮೇಲೇ ಹಾದುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು, ಎಷ್ಟೋ ಬಾವಿಗಳು ಕೆಟ್ಟವು. ಕಂದೊಳುದೂ ಎಂಬ ದ್ವೀಪದ ಜನ ಊರನ್ನೇ ಬಿಟ್ಟು ಬೇರೆ ದ್ವೀಪಕ್ಕೆ ಹೋಗಿ ನೆಲೆಸಬೇಕಾಯಿತು. ರಾಜಧಾನಿ ಮಾಲೆಯಲ್ಲಿ ಲಕ್ಷಕ್ಕೂ ಮೀರಿದ ಜನ ಕುಡಿಯುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದ ನೀರನ್ನು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದು ಊರಿಡೀ ನಲ್ಲಿ ನಿಂತಾಗ ಭಾರತ ವಿಮಾನದಲ್ಲೂ ಹಡಗಿನಲ್ಲೂ ಕುಡಿಯುವ ನೀರು ಕಳಿಸಿತು. ಇದು ಚಾರ್ಟಿನಲ್ಲಿದೆ. 1988ರ ನವೆಂಬರಿನಲ್ಲಿ ಬಾಡಿಗೆ ಬಂಟರು ಸರ್ಕಾರ ಕಿತ್ತುಹಾಕಲು ಬಂದಾಗ ನಮ್ಮ ಪ್ಯಾರಾ ಯೋಧರು ಆಗ್ರಾದಿಂದ ರಾತ್ರೋರಾತ್ರಿ ಹಾರಿ ಹೋಗಿ ತಡೆದದ್ದೂ ಇದೆ. ಇದನ್ನೆಲ್ಲ ಓದಿದ ಮಕ್ಕಳಿಗೆ ನಮ್ಮ ದೇಶದ ಮೇಲೆ ಅಭಿಮಾನ ಹೆಚ್ಚಾಗಿದೆಯೇ ಹೊರತು ಕಡಿಮೆ ಆಗಿಲ್ಲ.

ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಕವಡೆಗಳನ್ನೂ ಇಟ್ಟಿದ್ದಾರೆ. ಒಬ್ಬ ಹುಡುಗಿ ಅಜ್ಜಿಯ ಚೌಕಾಬಾರದ ಡಬ್ಬಿಯಿಂದ ಕೇಳಿ ತಂದದ್ದು. ಒಂದು ಬದಿ ನುಣುಪು, ಇನ್ನೊಂದು ಬದಿ ಹಲ್ಲು ಹಲ್ಲಾದ ಸೀಳು, ಆಡಿ ಆಡಿ ಹಳದಿ ತಿರುಗಿವೆ. ನೂರಾರು ವರ್ಷ ನಮ್ಮ ದೇಶಕ್ಕೆ ಬರುತ್ತಿದ್ದ ಕವಡೆಯ ದೊಡ್ಡ ಪಾಲು ಮಾಲ್ಡೀವ್ಸಿನದ್ದು. ತೆಂಗಿನ ಗರಿಗಳನ್ನು ನೀರಿನಲ್ಲಿ ತೇಲಿಬಿಟ್ಟರೆ ಕವಡೆ ಹುಳುಗಳು ಬಂದು ಅಂಟಿಕೊಳ್ಳುತ್ತಿದ್ದವು, ಗರಿ ಎಳೆದು ದಡದಲ್ಲಿ ಹಾಕಿ ಒಣಗಿಸುತ್ತಿದ್ದರು ಎಂದು ಹಳೆಯ ಅರಬ್ ಬರಹಗಾರರು ಬರೆದಿಟ್ಟಿದ್ದಾರೆ. ಅದನ್ನು ಹಡಗಿಗೆ ತುಂಬಿ ಬಂಗಾಳಕ್ಕೆ ಕಳಿಸಿ ಅಕ್ಕಿ ತರಿಸಿಕೊಳ್ಳುತ್ತಿದ್ದರು. ಬಂಗಾಳದಲ್ಲಿ ಕವಡೆಯೇ ಚಿಲ್ಲರೆ ಹಣ. 1340ರ ದಶಕದಲ್ಲಿ ಅಲ್ಲಿಗೆ ಹೋಗಿ ಖಾಜಿ, ಅಂದರೆ ನ್ಯಾಯಾಧೀಶ, ಆಗಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಈ ಅಕ್ಕಿ ವ್ಯಾಪಾರವನ್ನು ಕಣ್ಣಾರೆ ಕಂಡವನು. ಈಗಲೂ ಆ ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ. ಅಕ್ಕಿ, ಈರುಳ್ಳಿ, ಆಲೂಗಡ್ಡೆ ಎಲ್ಲ ಹೊರಗಿಂದಲೇ ಬರಬೇಕು, ಬಹಳಷ್ಟು ನಮ್ಮಿಂದಲೇ ಹೋಗುತ್ತದೆ. ಅವರದು ಅಂತ ಇರುವುದು ತೆಂಗು, ಮೀನು, 1972ರಲ್ಲಿ ಶುರುವಾದ ಪ್ರವಾಸೋದ್ಯಮ. ನಮ್ಮ ಪೋಷಕರೊಬ್ಬರು, ಆಳಸಮುದ್ರದ ಬೋಟಿನಲ್ಲಿ ದುಡಿಯುವವರು, ಈ ಮಕ್ಕಳನ್ನು ಕೂರಿಸಿಕೊಂಡು ಅಲ್ಲಿನವರ ಮೀನುಗಾರಿಕೆ ವಿವರಿಸಿದರು. ಅಲ್ಲಿ ಟ್ಯೂನಾಕ್ಕೆ ಬಲೆ ಬೀಸುವುದಿಲ್ಲ. ಸಣ್ಣ ಮೀನನ್ನು ಜೀವಂತವಾಗಿ ನೀರಿಗೆ ಎರಚಿ, ಕೋಲಿಗೆ ಕಟ್ಟಿದ ಗಾಳದಲ್ಲಿ ಒಂದೊಂದಾಗಿ ಎಳೆದು ಹಾಕುತ್ತಾರೆ. ಇದನ್ನು ವಿವರಿಸಿದ ಆ ಪೋಷಕರಿಗೆ ನನ್ನ ವಿಶೇಷ ಕೃತಜ್ಞತೆ.

ಸರ್ಕಾರದ ಭಾಗ ನೀವು ತಪ್ಪದೆ ಓದಬೇಕಾದದ್ದು. ನಿಮ್ಮ ಆಕ್ಷೇಪಕ್ಕೆ ಉತ್ತರ ಇರುವುದೂ ಅಲ್ಲೇ. ಅಲ್ಲಿ 1968ರ ತನಕ ಸುಲ್ತಾನರ ಆಳ್ವಿಕೆ. ಆಮೇಲೆ ಗಣರಾಜ್ಯ. 1978ರಿಂದ 2008ರ ತನಕ ಒಬ್ಬರೇ ಅಧ್ಯಕ್ಷರು, ಮೌಮೂನ್ ಅಬ್ದುಲ್ ಗಯೂಮ್. ಸಂಸತ್ತು ಒಂದು ಹೆಸರು ಆರಿಸುವುದು, ಜನ ಬೇಕು ಅಥವಾ ಬೇಡ ಎನ್ನುವುದು, ಅಷ್ಟೇ ಚುನಾವಣೆ. 2008ರಲ್ಲಿ ಹೊಸ ಸಂವಿಧಾನ ಬಂತು. ಅನೇಕ ಪಕ್ಷಗಳು ಎದುರುಬದುರು ನಿಂತ ಮೊದಲ ಚುನಾವಣೆಯಲ್ಲೇ ಜನ ಗಯೂಮ್ ಅವರನ್ನು ಇಳಿಸಿ ಮೊಹಮದ್ ನಶೀದ್ ಅವರನ್ನು ಆರಿಸಿದರು. 2009ರಲ್ಲಿ ಸಚಿವರಿಗೆ ಗಾಳಿ ತುಂಬಿದ ಸಿಲಿಂಡರ್ ಹೊರಿಸಿ ಸಮುದ್ರದೊಳಗೆ ಸಂಪುಟ ಸಭೆ ಮಾಡಿ, ನಮ್ಮ ದೇಶ ಮುಳುಗುತ್ತಿದೆ ಎಂದು ಜಗತ್ತಿಗೆ ತೋರಿಸಿದವರು ಇವರೇ. ಅಧ್ಯಕ್ಷರನ್ನು ಜನ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಮತದಾನ. ಸಂಸತ್ತಿಗೆ ಮಜ್ಲಿಸ್ ಎಂದು ಹೆಸರು. 2008ರಿಂದ ಇವತ್ತಿನವರೆಗೆ ಅಧಿಕಾರದಲ್ಲಿದ್ದ ಯಾವ ಅಧ್ಯಕ್ಷರನ್ನೂ ಆ ಜನ ಮತ್ತೆ ಆರಿಸಿಲ್ಲ.

2023ರಲ್ಲಿ ಅಲ್ಲಿದ್ದ ಭಾರತದ ಸೈನಿಕರು ಹೊರಡಬೇಕು ಎಂದು ಹೇಳಿ ಅಧ್ಯಕ್ಷರಾಗಿ ಗೆದ್ದ ಮೊಹಮದ್ ಮುಯಿಜ್ಜು ಅವರಿಗೆ ಬಿದ್ದದ್ದು ನೂರಕ್ಕೆ 54 ಮತ. ಉಳಿದ 46 ನಮ್ಮೊಂದಿಗೆ ಚೆನ್ನಾಗಿದ್ದ ಇಬ್ರಾಹಿಂ ಸೋಲಿಹ್ ಅವರಿಗೆ. ಆ ಮೂವರು ಉಪ ಸಚಿವರನ್ನು ಅಮಾನತು ಮಾಡಿದ್ದೂ ಅದೇ ಮುಯಿಜ್ಜು ಸರ್ಕಾರ. 2024ರ ಅಕ್ಟೋಬರಿನಲ್ಲಿ ಮುಯಿಜ್ಜು ದೆಹಲಿಗೆ ಬಂದರು. 2025ರ ಜುಲೈ 26ರಂದು, ಅವರ ಅರವತ್ತನೇ ಸ್ವಾತಂತ್ರ್ಯ ದಿನಕ್ಕೆ, ನಮ್ಮ ಪ್ರಧಾನಿಯವರೇ ಮಾಲೆಯಲ್ಲಿ ಮುಖ್ಯ ಅತಿಥಿ. ನಮ್ಮ ಪ್ರಧಾನಿ ಹೋಗಿ ಕೈಕುಲುಕಿ ಬಂದ ದೇಶದ ನಕ್ಷೆಯನ್ನು ನಮ್ಮ ಮಕ್ಕಳು ಬಿಡಿಸಬಾರದು ಎಂದರೆ ಹೇಗೆ? ಸರ್ಕಾರಗಳ ಜಗಳ ಬರುತ್ತದೆ, ಹೋಗುತ್ತದೆ. ಆ ಜನ, ಆ ಸಮುದ್ರ ನಮ್ಮ ಪಕ್ಕದಲ್ಲೇ ಇರುತ್ತವೆ ಅಲ್ವಾ?

ಇನ್ನೊಂದು ಮಾತು. ಮಕ್ಕಳು ಬರೀ ಒಳ್ಳೆಯದನ್ನೇ ಬರೆದಿದ್ದಾರೆ ಎಂದು ಯಾರೂ ತಿಳಿಯಬೇಡಿ. ಮುಸ್ಲಿಮರಲ್ಲದವರು ಮಾಲ್ಡೀವ್ಸಿನ ಪ್ರಜೆ ಆಗುವಂತಿಲ್ಲ ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಅದನ್ನು ಮಕ್ಕಳೇ ಹುಡುಕಿ, ಪಕ್ಕದಲ್ಲಿ ನಮ್ಮ ಸಂವಿಧಾನದ 25ನೇ ವಿಧಿಯನ್ನು ಬರೆದಿದ್ದಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ಧರ್ಮ ಸ್ವಾತಂತ್ರ್ಯದ ಪಾಠ ಅವರಿಗೆ ಆ ದಿನ ನಿಜವಾಗಿ ಅರ್ಥವಾಯಿತು ಎಂದು ನಾನು ನಂಬುತ್ತೇನೆ. ಅಲ್ಲಿ ವಾಸಿಸುವ ಸುಮಾರು 5.15 ಲಕ್ಷ ಜನರಲ್ಲಿ ನಾಲ್ಕರಲ್ಲಿ ಒಬ್ಬರು ಹೊರದೇಶದವರು. ಬಾಂಗ್ಲಾದೇಶದ ಕೂಲಿಗಳು, ನಮ್ಮ ದೇಶದ ಶಿಕ್ಷಕರು, ನರ್ಸ್‌ಗಳು ಅದರಲ್ಲಿದ್ದಾರೆ. ಮಾಲೆಯ ದೊಡ್ಡ ಆಸ್ಪತ್ರೆಯ ಹೆಸರೇ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ.

ಆದ್ದರಿಂದ ಚಾರ್ಟ್ ತೆಗೆಯುವುದಿಲ್ಲ. ಧ್ವಜವನ್ನೂ ಅಳಿಸುವುದಿಲ್ಲ. ಈ ಮಾತು ಖಡಕ್ಕಾಗಿ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಚಾರ್ಟ್ ಮಾಡಿದ ಮಕ್ಕಳು ವಾರದಿಂದ ಮಂಕಾಗಿದ್ದಾರೆ. 'ನಾವು ಏನು ತಪ್ಪು ಮಾಡಿದೆವು?' ಎಂದು ಒಬ್ಬಳು ಸಮಾಜ ವಿಜ್ಞಾನ ಟೀಚರ್ ಹತ್ತಿರ ಕೇಳಿದ್ದಾಳೆ. ಏನೂ ತಪ್ಪು ಮಾಡಿಲ್ಲ ಎಂದು ಶಾಲೆ ಹೇಳಿದೆ. ಅದೇ ಮಾತನ್ನು ಮನೆಯಲ್ಲೂ ಕೇಳಿದರೆ ಅವರಿಗೆ ಧೈರ್ಯ ಬರುತ್ತದೆ. ನಿಮ್ಮ ಮಕ್ಕಳ ಮೇಲೆ ನಿಮಗಿರುವಷ್ಟೇ ಕಾಳಜಿ ನಮಗೂ ಇದೆ. ಈ ಊರಿನಲ್ಲಿ ಎಲ್ಲ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಚಾರ್ಟಿಗೆ ಬಣ್ಣ ಹಚ್ಚುತ್ತಾರೆ. ಅದು ಹಾಗೆಯೇ ಇರಬೇಕು.

ಅಂಕದ ಬಗ್ಗೆ ಕೇಳಿದವರಿಗೆ: ಈ ಕೆಲಸ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಸೇರುತ್ತದೆ, ಬೇರೆ ಖರ್ಚಿಲ್ಲ. ಮುಂದಿನ ವರ್ಷದ ಎಸ್ಸೆಸ್ಸೆಲ್ಸಿ ತಯಾರಿಗೆ ಇದರಿಂದ ಅಡ್ಡಿ ಆಗುವುದಿಲ್ಲ. ಇನ್ನು ಮುಂದೆ ಶಾಲೆಯೊಳಗಿನ ಚಾರ್ಟು, ಮಕ್ಕಳ ಫೋಟೋ ಯಾರೂ ತೆಗೆದು ಹೊರಗೆ ಕಳಿಸುವಂತಿಲ್ಲ. ಇದು ಸಿಬ್ಬಂದಿಗೂ ಅನ್ವಯಿಸುತ್ತದೆ. ಅನುಮಾನ ಇದ್ದರೆ ಗ್ರೂಪಿನಲ್ಲಿ ಬರೆಯುವ ಬದಲು ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಕೋಣೆಗೆ ಬನ್ನಿ, ಕೂತು ಮಾತಾಡೋಣ.

ಇಬ್ಬರು ಪೋಷಕರು ತಮ್ಮ ಮಕ್ಕಳನ್ನು ಈ ಗುಂಪಿನಿಂದ ಬಿಡಿಸಲು ಚೀಟಿ ಕಳಿಸಿದ್ದಾರೆ. ದಯವಿಟ್ಟು ಅದನ್ನು ಹಿಂದಕ್ಕೆ ಪಡೆಯಿರಿ.

ಪ್ರದರ್ಶನ ಇದೇ ಶನಿವಾರ ಬೆಳಿಗ್ಗೆ 9ರಿಂದ 12ರವರೆಗೆ. ಅಜ್ಜ ಅಜ್ಜಿಯರನ್ನೂ ಕರೆತನ್ನಿ. ಥರ್ಮೋಕೋಲ್ ಮಾಡೆಲ್ ಬೇಡ. ಮನೆಯಲ್ಲಿ ಹಳೆಯ ಕವಡೆ ಇದ್ದರೆ ಮಕ್ಕಳ ಕೈಯಲ್ಲಿ ಹೆಸರು ಬರೆದು ಕಳಿಸಿ, ಸೋಮವಾರ ವಾಪಸ್ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು