ಸದ್ದಿಲ್ಲದ ಬಸ್ಸು ಹಿಡಿದವನಿಗೆ

ಬಟವಾಡಿ, ತುಮಕೂರು

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ಸಿಗೆ ಡ್ರೈವರ್ ಆಗಿ ಸೇರಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನು. ನನ್ನ ಎಡಗಾಲು ನೋಡಿದ್ದೀಯಲ್ಲ? ಮೂವತ್ತು ವರ್ಷ ಬಾನೆಟ್ ಕಾವಿಗೆ ಪಾದದ ಚರ್ಮ ಕಪ್ಪಾಗಿದೆ. ಕ್ಲಚ್ ತುಳಿದು ತುಳಿದು ಮಂಡಿ ಸವೆದಿದೆ. ನಿನಗೆ ಕ್ಲಚ್ಚೂ ಇಲ್ಲ, ಆ ಕಾವೂ ಇಲ್ಲ. 2014ರಲ್ಲಿ ಬಿಎಂಟಿಸಿಯವರು ಇಂಥದ್ದೊಂದು ಬಸ್ಸನ್ನು ಪ್ರಯೋಗಕ್ಕೆ ಬಿಟ್ಟಾಗ ನಾವೆಲ್ಲ ಆಟದ ಸಾಮಾನು ಅಂತ ನಕ್ಕಿದ್ದೆವು.

ಅದಕ್ಕೆ ಸದ್ದಿಲ್ಲ, ಅದೇ ನನಗೆ ಭಯ. ಹೋದ ತಿಂಗಳು ಮೆಜೆಸ್ಟಿಕ್‌ನಲ್ಲಿ ಒಬ್ಬ ಅಜ್ಜಿ ಸೊಪ್ಪಿನ ಗಂಟು ಹೊತ್ತು ಅಡ್ಡ ನಡೆದರು. ಬಸ್ಸು ಬೆನ್ನಿಗೇ ಬಂದು ನಿಂತಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಮ್ಮ ಜನ ಬಸ್ಸನ್ನು ನೋಡಿ ದಾರಿ ಬಿಡುವುದಿಲ್ಲ ಕಣೋ, ಸದ್ದು ಕೇಳಿ ಬಿಡುತ್ತಾರೆ. ನನ್ನ ಗಾಡಿ ಬರುವುದು ಅರ್ಧ ಫರ್ಲಾಂಗಿನಿಂದಲೇ ತಿಳಿಯುತ್ತಿತ್ತು. ನಿನ್ನನ್ನು ಯಾರೋ ಗಮನಿಸಿದ್ದಾರೆ ಅಂತ ಅಂದುಕೊಳ್ಳಲೇಬೇಡ.

ಆಮೇಲೆ ಪೆಡಲ್. ಡೀಸೆಲ್ ಗಾಡಿ ಮೊದಲು ಕೂಗಾಡಿ ಆಮೇಲೆ ಎಳೆಯುತ್ತದೆ. ಮೋಟಾರು ಹಾಗಲ್ಲ, ನಿಂತಲ್ಲಿಂದಲೇ ಪೂರ್ತಿ ಎಳೆತ. ಜೋರಾಗಿ ಒತ್ತಿದರೆ ನಿಂತವರು ಹಿಂದಕ್ಕೆ ಬೀಳುತ್ತಾರೆ. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಗಬಕ್ಕನೆ ತೆಗೆದೆಯೋ, ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. 2023ರಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಈಗ ನಿಂತು ಹೋಗುವವರೇ ಜಾಸ್ತಿ. ಚಿಕ್ಕವನಿದ್ದಾಗ ಡೈರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದೆಯಲ್ಲ, ಅಷ್ಟು ನಾಜೂಕಾಗಿ ಓಡಿಸು.

ಕಂಡಕ್ಟರ್ ಬಿಎಂಟಿಸಿಯವರು, ನೀನು ಬಸ್ಸು ಗುತ್ತಿಗೆಗೆ ಓಡಿಸುವ ಕಂಪನಿಯವನು. ಕಂಪನಿಗೆ ದುಡ್ಡು ಬರುವುದು ಓಡಿದ ಕಿಲೋಮೀಟರಿಗೆ. ‘ಇನ್ನೊಂದು ಟ್ರಿಪ್ ಹೊಡಿ’ ಅಂದರೆ, ನಿದ್ದೆಗೆಟ್ಟ ದಿನ ಸುಮ್ನೆ ತಲೆಯಾಡಿಸಬೇಡ. ಪಿಎಫ್ ಕಟ್ಟುತ್ತಿದ್ದಾರಾ ನೋಡಿಕೋ.

ಇಲ್ಲಿ ಎಲ್ಲರೂ ಹೊಗೆಯಿಲ್ಲದ ಬಸ್ಸು ಅಂತ ಹೊಗಳುತ್ತಾರೆ. ಅರ್ಧ ನಿಜ. ನಮ್ಮ ಪಾವಗಡದಲ್ಲಿ 2,050 ಮೆಗಾವ್ಯಾಟ್ ಬಿಸಿಲಿನ ಕರೆಂಟ್ ಇದೆ, ಸರಿ. ರಾತ್ರಿ ಚಾರ್ಜಿಗೆ ಹಾಕಿದಾಗ ಬಿಸಿಲೆಲ್ಲಿ? ಆಗ ರಾಯಚೂರಿನ ಕಲ್ಲಿದ್ದಲೂ ಉರಿಯಬೇಕು. ಆದರೂ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತ ಮಗುವಿನ ಮುಖಕ್ಕೆ ಹೊಗೆ ಬಡಿಯುವುದಿಲ್ಲ, ಅದೇನು ಕಡಿಮೆಯಾ?

ದೊಡ್ಡಮ್ಮ ಹುರುಳಿ ಚಟ್ನಿಪುಡಿ ಕಳಿಸಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ

ಮರೆತಿದ್ದೆ. ಗಾಡಿ ಕೆಟ್ಟು ನಿಂತರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಮುಟ್ಟಬೇಡ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗುವ ನನ್ನ ಚಾಳಿ ನಿನಗೂ ಇದೆ.